ಮಲಗಿದ ಕಲ್ಲು, ನಿಂತ ಕಲ್ಲು

ನಮ್ಮ ನಾಡಿನ ಕಲ್ಲು ಎರಡು ದೊಡ್ಡ ಯುದ್ಧ ಸ್ಮಾರಕಗಳಲ್ಲಿದೆ. ಒಂದು ವಾಷಿಂಗ್ಟನ್‌ನಲ್ಲಿ. 1982ರಲ್ಲಿ ಉದ್ಘಾಟನೆಯಾದ ವಿಯೆಟ್ನಾಂ ಯೋಧರ ಸ್ಮಾರಕದ ಆ ಪ್ರಸಿದ್ಧ ಕಪ್ಪು ಗೋಡೆಗೆ ಗ್ರಾನೈಟ್ ಹೋದದ್ದು ಬೆಂಗಳೂರಿನಿಂದ. ಇನ್ನೊಂದು ಬೆಂಗಳೂರಲ್ಲೇ ಇದೆ. ನೆಹರು ತಾರಾಲಯದ ಪಕ್ಕದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ದೇವನಹಳ್ಳಿ ಕಡೆಯ ಕೊಯಿರಾದಿಂದ ತಂದ ಏಕಶಿಲೆ ನಿಂತಿದೆ. ಎತ್ತರ ಸುಮಾರು 75 ಅಡಿ. ಅದಕ್ಕಿಟ್ಟ ಹೆಸರು ವೀರಗಲ್ಲು.

ವಾಷಿಂಗ್ಟನ್‌ನಲ್ಲಿ ನಮ್ಮ ಕಲ್ಲು ನೆಲಕ್ಕೆ ಆತುಕೊಂಡು ಮಲಗಿದೆ. ಇಲ್ಲಿ ಸೆಟೆದು ನಿಂತಿದೆ. ಸತ್ತವರನ್ನು ನೆನೆಯೋಕೆ ಯಾವುದು ಸರಿ? ಇದು ಬರೀ ರುಚಿಯ ಪ್ರಶ್ನೆ ಅಲ್ಲ ಅಂತ ನನಗನಿಸುತ್ತೆ. ಒಂದು ಸ್ಮಾರಕ ನಮ್ಮ ಕೈಲಿ ಏನು ಮಾಡಿಸುತ್ತೆ ಅನ್ನೋದರ ಮೇಲೆ ಅದರ ಬೆಲೆ ನಿಂತಿದೆ. ಬಾಗಿಸುತ್ತಾ? ಓದಿಸುತ್ತಾ? ಅಥವಾ ಮೊಬೈಲ್ ಎತ್ತಿಸಿ ಕಳಿಸುತ್ತಾ?

ಬೆಂಗಳೂರಿನ ಸ್ಮಾರಕದ ಮೊದಲ ಗುಣ ಅದರ ಮರಗಳು. ವಿಧಾನಸೌಧದ ಹತ್ತಿರ ಮೆಟ್ರೋ ಇಳಿದು ರಾಜಭವನ ದಾಟಿ ನಡೆದರೆ ಸಿಗ್ನಲ್ಲು, ಹಾರನ್ನು, ಕ್ಯಾಬ್‌ಗಳ ಗದ್ದಲದ ನಡುವೆ ಥಟ್ಟನೆ ಒಂದು ನೆರಳು ಶುರುವಾಗುತ್ತೆ. ಉದ್ಯಾನದೊಳಗೆ ಹೊಸ ಕಟ್ಟಡ ಯಾಕೆ, ಮರ ಹೋಗುತ್ತವೆ ಅಂತ ನಾಗರಿಕರು ಈ ಯೋಜನೆಯನ್ನು ವಿರೋಧಿಸಿದ್ದರು, ವಿಷಯ ಕೋರ್ಟಿನ ಮೆಟ್ಟಿಲೂ ಹತ್ತಿತ್ತು. ವಿನ್ಯಾಸ ಮಾಡಿದ ಸೌಮಿತ್ರೊ ಘೋಷ್ ಮತ್ತು ನಿಶಾ ಮ್ಯಾಥ್ಯೂ ಘೋಷ್ ಇದಕ್ಕೆ ಕೊಟ್ಟ ಉತ್ತರ ಜಾಣತನದ್ದು: ಮರಗಳನ್ನು ಅವುಗಳ ಜಾಗದಲ್ಲೇ ಬಿಟ್ಟು, ಕಟ್ಟಡವನ್ನು ನೆಲದ ಕೆಳಗೆ ಇಳಿಸಿದರು. ಹಾಗಾಗಿ ಇಲ್ಲಿ ಎದುರಿಗೆ ಬಂದು ನಿಲ್ಲುವ ಭವ್ಯ ಮುಖಮಂಟಪ ಇಲ್ಲ. ಕಾಂಡಗಳ ನಡುವೆ ದಾರಿ ಹೋಗುತ್ತೆ, ನೆಲ ತಾನೇ ಇಳಿಯುತ್ತೆ, ನೀವೂ ಇಳಿಯುತ್ತೀರಿ.

ಹಟ್ಟಿಯಿಂದ ಬಂದ ನನ್ನಂಥವನಿಗೆ ಇದು ಬೇಗ ಅರ್ಥವಾಗುತ್ತೆ. ನಮ್ಮೂರಲ್ಲಿ ನೆಲದಡಿ ಅಂದರೆ ಪಾತಾಳ ಅಲ್ಲ, ಪಾಳಿ. ಮೂರು ಪಾಳಿ, ಸೈರನ್ನು, ಹೆಲ್ಮೆಟ್ಟಿನ ದೀಪ. ಕೆಳಗೆ ಇಳಿದವರನ್ನು ಮೇಲಿದ್ದವರು ನೆನೆಯುತ್ತಾ ಕಾಯೋದು ಅಲ್ಲಿನ ಮನೆಮನೆಯ ದಿನಚರಿ. ಅದಕ್ಕೇ ಇರಬೇಕು, ಬಿಸಿಲಿನಿಂದ ಆ ತಂಪಿನೊಳಗೆ ಇಳಿಯುವಾಗ ಮಾತು ತಂತಾನೇ ಸಣ್ಣದಾಗೋದು ನನಗೆ ಸಹಜ ಅನಿಸಿತು. ‘ನಿಶ್ಶಬ್ದವಾಗಿರಿ’ ಅನ್ನೋ ಬೋರ್ಡಿಗಿಂತ ಒಂದು ಇಳಿಜಾರು ಹೆಚ್ಚು ಕೆಲಸ ಮಾಡುತ್ತೆ.

ದೆಹಲಿಯ ಇಂಡಿಯಾ ಗೇಟ್ ಬಳಿ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲೂ ಮರಗಳಿವೆ. ಅಲ್ಲಿನ ಹೊರ ವೃತ್ತದ ಹೆಸರೇ ರಕ್ಷಕ ಚಕ್ರ. ಸಾಲಾಗಿ ನೆಟ್ಟ ಒಂದೊಂದು ಮರವೂ ಗಡಿ ಕಾಯುವ ಒಬ್ಬ ಸೈನಿಕ ಅನ್ನೋ ಕಲ್ಪನೆ. ಕಲ್ಪನೆ ಚೆನ್ನಾಗಿದೆ. ಆದರೆ ಅಲ್ಲಿ ಮರಕ್ಕೂ ಸಮವಸ್ತ್ರ ತೊಡಿಸಿದ ಹಾಗಾಗಿದೆ. ಬೆಂಗಳೂರಿನ ಮರಗಳಿಗೆ ಆ ಡ್ಯೂಟಿ ಇಲ್ಲ. ಅವು ಸ್ಮಾರಕಕ್ಕಿಂತ ಮೊದಲೇ ಅಲ್ಲಿದ್ದವು, ಅಡ್ಡಾದಿಡ್ಡಿ ಬೆಳೆದವು, ಯಾರ ಸಂಕೇತವೂ ಅಲ್ಲ. ಎಲೆ ಉದುರಿಸುತ್ತವೆ, ಗುಡಿಸುವವರಿಗೆ ಕೆಲಸ ಕೊಡುತ್ತವೆ. ಸತ್ತವರ ಪಟ್ಟಿಯ ಪಕ್ಕದಲ್ಲಿ ಬದುಕು ಸುಮ್ಮನೆ ನಡೆಯುತ್ತಾ ಇರೋದು ನನಗೆ ಹೆಚ್ಚು ಸತ್ಯ ಅನಿಸುತ್ತೆ.

ಇಲ್ಲಿಯವರೆಗೆ ಹೊಗಳಿಕೆ. ಈಗ ತಲೆ ಎತ್ತಿ ನೋಡೋಣ.

ಇಳಿಜಾರು ಕಲಿಸಿದ ವಿನಯವನ್ನು ಆ 75 ಅಡಿಯ ಕಲ್ಲು ವಾಪಸ್ ಕಿತ್ತುಕೊಳ್ಳುತ್ತೆ. ಅದರ ಮುಂದೆ ನಿಂತವರ ಮಾತು ಸ್ವಲ್ಪ ಕೇಳಿಸಿಕೊಳ್ಳಿ: ಎಷ್ಟು ಎತ್ತರ? ಎಷ್ಟು ಟನ್ನು? ಹೆಂಗ ತಂದ್ರಪಾ ಇದನ್ನ? ಪೇಪರಿನಲ್ಲಿ ಬಂದ ಸುದ್ದಿಯೂ ಬಹುಪಾಲು ಇದೇ: ನೂರಾರು ಟನ್ ತೂಕ, ನೂರಾರು ಚಕ್ರಗಳ ಟ್ರೇಲರ್. ಸಾಗಣೆಯ ಸಾಹಸ ದೊಡ್ಡದೇ, ಇಲ್ಲ ಅನ್ನೋಲ್ಲ. ಆದರೆ ಒಂದು ವೀರಗಲ್ಲಿನ ಮುಂದೆ ನಿಂತು ನಾವು ಕ್ರೇನಿನ ಬಗ್ಗೆ ಮಾತಾಡ್ತಾ ಇದೀವಿ ಅಂದರೆ ಎಲ್ಲೋ ದಾರಿ ತಪ್ಪಿದೆ, ಹೌದಿಲ್ಲೋ?

ಯಾಕಂದರೆ ವೀರಗಲ್ಲು ಅನ್ನೋದು ಕನ್ನಡದಲ್ಲಿ ಖಾಲಿ ಪದ ಅಲ್ಲ. ಕರ್ನಾಟಕದ ಊರೂರಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಬಸ್ ಸ್ಟ್ಯಾಂಡಿನ ಪಕ್ಕ ಅರ್ಧ ಹೂತುಕೊಂಡು ಸಾವಿರಾರು ವೀರಗಲ್ಲುಗಳಿವೆ. ಹೆಚ್ಚಿನವು ಮನುಷ್ಯನ ಅಳತೆಯವು. ಅವಕ್ಕೊಂದು ವ್ಯಾಕರಣ ಇದೆ. ಸಾಮಾನ್ಯವಾಗಿ ಮೂರು ಅಂಕಣ: ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯೋದು, ಮೇಲೆ ದೇವರ ಸನ್ನಿಧಿ. ಓದು ಕೆಳಗಿಂದ ಮೇಲಕ್ಕೆ. ಬರಹ ಇದ್ದರೆ ಅದು ಹೇಳೋದು ಬಹಳ ಖಚಿತ ವಿಷಯ: ಯಾರು, ಯಾರ ಕಾಲದಲ್ಲಿ, ಯಾವ ಕಾರಣಕ್ಕೆ ಸತ್ತ, ಕಲ್ಲು ನಿಲ್ಲಿಸಿದವರು ಯಾರು. ಕಾರಣ ದೊಡ್ಡ ಯುದ್ಧವೇ ಆಗಬೇಕಿಲ್ಲ. ದನ ಕದ್ದೊಯ್ಯುವವರನ್ನು ತಡೆದು ಸತ್ತವರಿಗೆ, ಊರಿನ ಮೇಲೆ ಬಿದ್ದವರನ್ನು ಎದುರಿಸಿದವರಿಗೆ, ಹಂದಿ ಬೇಟೆಯಲ್ಲಿ ಮಡಿದವರಿಗೂ ಕಲ್ಲು ಉಂಟು.

ಬೆಂಗಳೂರು ಅನ್ನೋ ಹೆಸರು ನಮಗೆ ಮೊದಲು ಸಿಗೋದೇ ಇಂಥ ಒಂದು ಸಾವಿನ ಬರಹದಲ್ಲಿ. ಬೇಗೂರಿನ ಸುಮಾರು ಕ್ರಿ.ಶ. 890ರ ಶಾಸನ ಬೆಂಗಳೂರಿನ ಕಾಳಗದಲ್ಲಿ ಸತ್ತವನನ್ನು ನೆನೆಯುತ್ತೆ. ನಾವು ಸ್ಟಾರ್ಟಪ್ಪು, ಟ್ರಾಫಿಕ್ಕು ಅಂತ ಹೇಳಿಕೊಳ್ಳುವ ಈ ಊರು ದಾಖಲೆಗೆ ಸೇರಿದ್ದು ಒಬ್ಬ ಸತ್ತ ಮನುಷ್ಯನ ಬೆನ್ನ ಹಿಂದೆ.

ಇನ್ನೂ ಒಂದು ಇದೆ, ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, ಕ್ರಿ.ಶ. 949ರ ಹೊತ್ತಿನದು. ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ ತಕ್ಕೋಲದ ಯುದ್ಧದ ಮಾತು ಅದರಲ್ಲಿದೆ. ಆದರೆ ಕಲ್ಲು ನಿಲ್ಲಿಸಿದ್ದು ರಾಜನಿಗಲ್ಲ. ಮಣಲೆರ ಅನ್ನುವ ಯೋಧನ ಕಾಳಿ ಹೆಸರಿನ ಬೇಟೆನಾಯಿಗೆ. ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ನಾಯಿಗೆ ಹೆಸರಿದೆ, ಚಿತ್ರವಿದೆ, ಕಥೆಯಿದೆ, ಕಲ್ಲಿನ ಪೂಜೆಗೆ ಬಿಟ್ಟ ಭೂಮಿಯೂ ಇದೆ. ಸಾವಿರ ವರ್ಷ ಕಳೆದರೂ ಕಾಳಿ ಯಾರು ಅಂತ ನಾವು ಹೇಳಬಲ್ಲೆವು.

ಭೂಮಿಯ ಮಾತು ಬಂತಲ್ಲ, ಅದನ್ನು ಬಿಡುವಂತಿಲ್ಲ. ಹಳೆಯ ವ್ಯವಸ್ಥೆಯಲ್ಲಿ ಕಲ್ಲು ಒಂಟಿಯಾಗಿ ಬರುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ ಅಂತ ಭೂಮಿ ಬಿಡುತ್ತಿದ್ದರು. ನೆತ್ತರಿಗೆ ಕೊಟ್ಟ ಕೊಡುಗೆ. ಪದವೇ ಮೈ ಜುಂ ಅನ್ನಿಸುತ್ತೆ. ಅಂದರೆ ವೀರಗಲ್ಲು ಅರ್ಧ ಸ್ಮಾರಕವಾದರೆ ಇನ್ನರ್ಧ ಹಕ್ಕುಪತ್ರ. ಊರು ಎಲ್ಲರೆದುರು, ಅಳಿಸಲಾಗದಂತೆ, ಈ ಮನೆಯ ಋಣ ನಮ್ಮ ಮೇಲಿದೆ ಅಂತ ಒಪ್ಪಿಕೊಳ್ಳುತ್ತಿತ್ತು. ಇವತ್ತು ಪಿಂಚಣಿ ಒಂದು ಕಡತದಲ್ಲಿದೆ, ಸ್ಮಾರಕ ಇನ್ನೊಂದು ಕಡೆ ಇದೆ. ಎರಡಕ್ಕೂ ಸಂಬಂಧ ಇದೆ ಅಂತ ಪಾರ್ಕಿಗೆ ಬಂದವರಿಗೆ ಹೊಳೆಯೋದೇ ಇಲ್ಲ.

ಹಾಗಾಗಿ ನನ್ನ ತಕರಾರು ಎತ್ತರದ ಮೇಲೆ ಅಷ್ಟೇ ಅಲ್ಲ. ವೀರಗಲ್ಲು ಒಬ್ಬನ ಕಥೆ ಹೇಳುತ್ತಿತ್ತು. ಎಲ್ಲರಿಗೂ ಸೇರಿ ಒಂದೇ ಕಲ್ಲು ಅಂದಕೂಡಲೇ ಅದು ವಿಜಯಸ್ತಂಭದ ಕಡೆ ವಾಲುತ್ತೆ. ಸ್ತಂಭ ರಾಜರ ರೂಪ, ವೀರಗಲ್ಲು ಊರಿನ ರೂಪ. ಊರಿನ ಹೆಸರನ್ನು ತಂದು ರಾಜರ ಆಕಾರಕ್ಕೆ ಇಟ್ಟಿದ್ದೇವೆ.

ಇದಕ್ಕೆ ಬರೋ ಉತ್ತರ ಗೊತ್ತಿದೆ, ಅದು ಹಗುರವಾದದ್ದೂ ಅಲ್ಲ. ಸ್ವಾತಂತ್ರ್ಯದ ನಂತರ ಮಡಿದ 21,000ಕ್ಕೂ ಹೆಚ್ಚು ಯೋಧರಿಗೆ ಈ ಸ್ಮಾರಕ. ಒಬ್ಬೊಬ್ಬರಿಗೆ ಮೂರು ಅಂಕಣದ ಕಲ್ಲು ಕೆತ್ತಿಸೋಕಾಗುತ್ತಾ? ಮಗನನ್ನು ಕಳೆದುಕೊಂಡ ತಾಯಿಗೆ, ದೂರದಿಂದಲೇ ಕಾಣುವ ಒಂದು ಎತ್ತರ ‘ನಿನ್ನ ಮಗ ಸಣ್ಣವನಲ್ಲ’ ಅಂತ ಹೇಳಬಹುದು. ಆ ಸಮಾಧಾನವನ್ನು ಕಸಿಯೋಕೆ ನಾನ್ಯಾರು? ಒಪ್ಪಿದೆ. ಆದರೆ ಆ ಸಮಾಧಾನ ಕೊಡುವ ಕೆಲಸವನ್ನು ಅದೇ ಪಾರ್ಕಿನಲ್ಲಿ ಇನ್ನೊಂದು ವಸ್ತು ಈಗಾಗಲೇ ಮಾಡುತ್ತಿದೆ: ಹೆಸರುಗಳನ್ನು ಕೆತ್ತಿದ ಗ್ರಾನೈಟ್.

ವಾಷಿಂಗ್ಟನ್ನಿನ ಗೋಡೆಯ ಕಥೆ ಇಲ್ಲಿ ನೆರವಿಗೆ ಬರುತ್ತೆ. 1981ರಲ್ಲಿ ಸ್ಪರ್ಧೆ ಗೆದ್ದಾಗ ಮಾಯಾ ಲಿನ್‌ಗೆ 21 ವರ್ಷ, ಯೇಲ್ ವಿದ್ಯಾರ್ಥಿನಿ. ಅವಳು ಹೇಳಿದ್ದು ಇಷ್ಟು: ನೆಲವನ್ನು ಸೀಳಿ ಕಪ್ಪು ಕಲ್ಲಿನ ಗೋಡೆ, ಅದರ ಮೇಲೆ ಹೆಸರುಗಳು, ಸತ್ತ ದಿನಾಂಕದ ಕ್ರಮದಲ್ಲಿ. ದರ್ಜೆ ಇಲ್ಲ. ಜನರಲ್ಲೂ ಸಿಪಾಯಿಯೂ ಒಂದೇ ಅಳತೆಯ ಅಕ್ಷರ. ಇದು ಅವಮಾನ ಅಂತ ಹಲವು ಮಾಜಿ ಸೈನಿಕರು ಸಿಟ್ಟಾದರು. ರಾಜಿಗಾಗಿ ಪಕ್ಕದಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆ, ಧ್ವಜಸ್ತಂಭ ಸೇರಿಸಿದರು. ಇವತ್ತು 58,000ಕ್ಕೂ ಹೆಚ್ಚು ಹೆಸರಿರುವ ಆ ಗೋಡೆಯ ಮುಂದೆಯೇ ಜನ ಅಳುತ್ತಾರೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಹೆಸರನ್ನು ಮನೆಗೆ ಒಯ್ಯುತ್ತಾರೆ, ಕೆಳಗೆ ಪತ್ರ, ಬೂಟು ಇಟ್ಟು ಹೋಗುತ್ತಾರೆ. ಹೊಳಪು ಕೊಟ್ಟ ನಮ್ಮ ಬೆಂಗಳೂರಿನ ಕಲ್ಲಲ್ಲಿ ಓದುವವರ ಮುಖ ಹೆಸರಿನ ಮೇಲೆಯೇ ಕಾಣುತ್ತೆ.

ಬೆಂಗಳೂರಿನಲ್ಲೂ ಅದೇ ಎರಡು ಮನಸ್ಸು ಒಂದೇ ಆವರಣದಲ್ಲಿವೆ. ಒಂದು ಬಾಗಿ ಹೆಸರು ಓದು ಅನ್ನುತ್ತೆ. ಇನ್ನೊಂದು ತಲೆ ಎತ್ತಿ ಹೆಮ್ಮೆ ಪಡು ಅನ್ನುತ್ತೆ. ತಲೆ ಎತ್ತೋದು ಸುಲಭ, ಹತ್ತು ಸೆಕೆಂಡಿನ ಕೆಲಸ, ಫೋಟೋ ಕೂಡ ಚೆನ್ನಾಗಿ ಬರುತ್ತೆ. ಓದೋಕೆ ಹೊತ್ತು ಬೇಕು. ನಾನು ಹೋದ ಭಾನುವಾರ ಜನ ಬೇಕಾದಷ್ಟಿದ್ದರು, ಓದುವವರು ಕಡಿಮೆ. ಅದನ್ನು ಜನರ ತಲೆಗೆ ಕಟ್ಟೋಕೆ ನನಗೆ ಮನಸ್ಸಿಲ್ಲ. ಕಣ್ಣು ಎಲ್ಲಿಗೆ ಹೋಗಬೇಕು ಅಂತ ಜಾಗವೇ ಹೇಳಿಬಿಟ್ಟಿರುತ್ತೆ.

ನಾನು ಹೆಸರುಗಳಲ್ಲಿ ನಮ್ಮ ಕಡೆಯವರನ್ನು ಹುಡುಕಿದೆ. ಲಿಂಗಸುಗೂರು, ಸಿಂಧನೂರು, ಮಸ್ಕಿ, ಯಾರಾದರೂ ಇರಬೇಕಲ್ಲ? ನಮ್ಮಲ್ಲಿ ಎಷ್ಟೋ ಮನೆತನಗಳಿಗೆ ಊರೇ ಅಡ್ಡಹೆಸರು. ಆದರೆ ದಾಖಲೆಗೆ ಬರುವಾಗ ಆ ಊರು ಬರೀ ಒಂದು ಇನಿಷಿಯಲ್ ಆಗಿಬಿಡುತ್ತೆ. ಒಂದಕ್ಷರದ ಹಿಂದೆ ಇಡೀ ಊರು ಅಡಗಿ ಕೂತಿರುತ್ತೆ, ಗೋಡೆಗೆ ಅದನ್ನು ಹೇಳೋಕೆ ಬರೋದಿಲ್ಲ.

ನಮ್ಮ ಎರಡು ಹೊಳೆಗಳ ನಡುವಿನ ಸೀಮೆಗೆ ಯುದ್ಧ ಹೊಸದಲ್ಲ. ರಾಯಚೂರು ದೋಆಬಿಗಾಗಿ ವಿಜಯನಗರದವರೂ ಬಹಮನಿಗಳೂ ಆಮೇಲೆ ಬಿಜಾಪುರದವರೂ ತಲೆತಲಾಂತರ ಬಡಿದಾಡಿದರು. 1520ರ ರಾಯಚೂರು ಯುದ್ಧ ಗೆದ್ದವನು ಕೃಷ್ಣದೇವರಾಯ ಅಂತ ಶಾಲೆಯಲ್ಲಿ ಓದಿದೆವು. ಮುದಗಲ್ಲಿನ ಕೋಟೆ ಇನ್ನೂ ನಿಂತಿದೆ. ಆದರೆ ಆ ಕಂದಕಗಳಲ್ಲಿ ಬಿದ್ದ ಕಾಲಾಳುಗಳ ಹೆಸರು ಕೇಳಿದರೆ ಹೇಳುವವರಿಲ್ಲ. ಇನ್ನು 1948ರ ಸೆಪ್ಟೆಂಬರ್. ನಮ್ಮೂರು ಆಗ ನಿಜಾಮನ ರಾಜ್ಯದಲ್ಲಿತ್ತು. ಸೈನ್ಯ ಬಂತು, ಟ್ಯಾಂಕು ಬಂತು, ಮೇಜರ್ ಜನರಲ್ ಜೆ.ಎನ್. ಚೌಧರಿ ಮುಂದೆ ನಿಂತು ನಡೆಸಿದರು, 17ಕ್ಕೆ ನಿಜಾಮ ಸೋಲೊಪ್ಪಿದ. ಇಷ್ಟಾದರೂ ಅದಕ್ಕೆ ಜನರ ಬಾಯಲ್ಲಿ ಉಳಿದ ಹೆಸರು ‘ಪೊಲೀಸ್ ಕಾರ್ಯಾಚರಣೆ’. ಯುದ್ಧಕ್ಕೆ ಬೇರೆ ಹೆಸರಿಟ್ಟರೆ ಸತ್ತವರ ನೆನಪು ಎಷ್ಟು ಮಸುಕಾಗುತ್ತೆ ಅನ್ನೋದನ್ನು ಕಲ್ಯಾಣ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ವೀರಗಲ್ಲು ‘ಯಾಕೆ ಸತ್ತ’ ಅಂತ ಬರೆಯುತ್ತಿದ್ದದ್ದು ಸಣ್ಣ ವಿಷಯ ಅಲ್ಲ.

ದೊಡ್ಡ ಮಾತಿಗೆ ದೊಡ್ಡ ಕಲ್ಲು ಬೇಕು ಅನ್ನೋದನ್ನು ನಮ್ಮ ಪಕ್ಕದ ಮಸ್ಕಿಯೂ ಒಪ್ಪೋದಿಲ್ಲ. 1915ರಲ್ಲಿ ಚಿನ್ನ ಹುಡುಕಲು ಬಂದ ಬೀಡನ್ ಅನ್ನುವ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದ ಅಶೋಕನ ಶಾಸನ ಅಲ್ಲಿದೆ. ದೇವಾನಾಂಪ್ರಿಯ ಅಂತ ಬಿರುದಿನಿಂದಷ್ಟೇ ಕಾಣುತ್ತಿದ್ದ ರಾಜನ ಸ್ವಂತ ಹೆಸರು ಅದರಲ್ಲಿ ಸಿಕ್ಕಿತು. ಇಡೀ ದೇಶದ ಇತಿಹಾಸಕ್ಕೆ ಬೇಕಾಗಿದ್ದ ಆ ಹೆಸರು ಇದ್ದದ್ದು ಗುಡ್ಡದ ಗವಿಯೊಳಗಿನ ಬಂಡೆಯ ಮೇಲೆ. ಕಳಿಂಗದಲ್ಲಿ ಲಕ್ಷ ಜನರನ್ನು ಕೊಂದು ಪಶ್ಚಾತ್ತಾಪಪಟ್ಟವನ ಮಾತನ್ನು ಹತ್ತಿರ ಹೋಗಿಯೇ ಓದಬೇಕು.

ಹಾಗಾದರೆ ಬೆಂಗಳೂರಿನ ಆ ಕಲ್ಲನ್ನು ಏನು ಮಾಡೋದು? ಕೆಡವಿ ಅಂತ ನಾನು ಹೇಳುತ್ತಿಲ್ಲ. ನಿಂತದ್ದು ನಿಲ್ಲಲಿ. ಆದರೆ ಅದರ ಬುಡಕ್ಕೆ ವೀರಗಲ್ಲಿನ ಕೆಲಸವನ್ನೂ ಕೊಡಿ. ಕಣ್ಣಳತೆಯ ಎತ್ತರದಲ್ಲಿ ತಿಂಗಳಿಗೊಬ್ಬ ಯೋಧನ ಕಥೆ ಹಾಕಿ: ಯಾವ ಊರು, ಯಾವ ಶಾಲೆ, ಎಲ್ಲಿ ಬಿದ್ದ, ಯಾಕೆ ಅಲ್ಲಿಗೆ ಕಳಿಸಿದ್ದರು, ಮನೆಯಲ್ಲಿ ಈಗ ಯಾರಿದ್ದಾರೆ. ಮನೆಯವರು ಒಪ್ಪಿದರೆ ಅವರ ಮಾತಿನಲ್ಲೇ ಇರಲಿ. ಊರಿನ ಹೆಸರಿನಿಂದ ಯೋಧರನ್ನು ಹುಡುಕುವ ವ್ಯವಸ್ಥೆ ಇರಲಿ. ಐಟಿ ರಾಜಧಾನಿಗೆ ಇದು ವಾರಾಂತ್ಯದ ಹ್ಯಾಕಥಾನ್‌ನಷ್ಟು ಕೆಲಸ. ಇದನ್ನು ಓದುತ್ತಿರುವ ನಿಮ್ಮಲ್ಲೇ ಮಾಡಬಲ್ಲವರು ಹತ್ತು ಜನ ಇದ್ದೀರಿ.

ಅಲ್ಲಿಯವರೆಗೆ ಹೋಗಿಬನ್ನಿ. ಆದಷ್ಟು ವಾರದ ದಿನವೇ ಹೋಗಿ. ಎತ್ತರದ ಕಲ್ಲನ್ನು ಕೊನೆಗಿಟ್ಟುಕೊಳ್ಳಿ. ಮರದ ನೆರಳಲ್ಲಿ ನಿಧಾನ ನಡೆದು ಹೆಸರುಗಳ ಹತ್ತಿರ ನಿಲ್ಲಿ, ಐದೇ ಐದು ಹೆಸರನ್ನು ಬಾಯಿಬಿಟ್ಟು ಓದಿ. ಮಕ್ಕಳು ಜೊತೆಗಿದ್ದರೆ ಅವರ ಕೈಲಿ ಓದಿಸಿ. ತಮಿಳು, ಪಂಜಾಬಿ, ನಾಗಾ, ಗೂರ್ಖಾ ಹೆಸರುಗಳಿಗೆ ನಾಲಿಗೆ ತೊಡರುತ್ತೆ, ತೊಡರಲಿ. ‘ಇವರು ಯಾರು?’ ಅಂತ ಮಗು ಕೇಳಿದರೆ ಉತ್ತರ ಹುಡುಕೋಕೆ ಮೊಬೈಲ್ ತೆಗೆಯಿರಿ. ಆ ಪಾರ್ಕಿನಲ್ಲಿ ಮೊಬೈಲಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ.