ವಿನಿಮಯೋಚಿತ: ಇಲ್ಲಿ ‘ಉಚಿತ’ ಅಂದರೆ ಪುಕ್ಕಟೆ ಅಲ್ಲ

ವಿಜಯನಗರ ಕಾಲದ ತಾಮ್ರಶಾಸನವೊಂದನ್ನು ಪರಿಚಯಿಸುವ ಬರಹವನ್ನು ಗೆಳೆಯರೊಬ್ಬರು ಮೊನ್ನೆ ಕಳಿಸಿದ್ದರು. ಪಾಠ ಚೆನ್ನಾಗಿಯೇ ಇದೆ. ಆದರೆ ದತ್ತಿಭೂಮಿಯ ವಿಶೇಷಣವಾಗಿ ಬರುವ ‘ವಿನಿಮಯೋಚಿತಂ’ ಎಂಬ ಪದಕ್ಕೆ ‘ಶುಲ್ಕವಿಲ್ಲದೆ ವಿನಿಮಯ ಮಾಡಿಕೊಳ್ಳಬಹುದಾದದ್ದು’ ಎಂದು ಅರ್ಥ ಬರೆದಿದ್ದಾರೆ. ಸುಬ್ರಹ್ಮಣ್ಯಪುರದ ನಮ್ಮ ರಸ್ತೆಯಲ್ಲಿ ಅಂಗಡಿ ಬೋರ್ಡುಗಳ ತುಂಬ ‘ಉಚಿತ’ ನೋಡುವವರಿಗೆ ಹಾಗನ್ನಿಸುವುದು ಸಹಜ. ಆದರೂ ಅದು ತಪ್ಪು.

ಸಂಸ್ಕೃತದಲ್ಲಿ ಉಚಿತ ಅಂದರೆ ತಕ್ಕದ್ದು, ಯೋಗ್ಯವಾದದ್ದು. ಪುಕ್ಕಟೆ ಎಂಬುದು ಕನ್ನಡದಲ್ಲಿ ಆಮೇಲೆ ಬೆಳೆದ ಅರ್ಥ. ವಿನಿಮಯೋಚಿತ ಅಂದರೆ ಬದಲಾಯಿಸಿಕೊಳ್ಳಲು ತಕ್ಕದ್ದು, ಅಷ್ಟೇ. ಕೃಷ್ಣದೇವರಾಯ, ಅಚ್ಯುತ, ಸದಾಶಿವರ ನಂದಿನಾಗರಿ ತಾಮ್ರಪಟಗಳಲ್ಲಿ ಇದು ಒಂಟಿಯಾಗಿ ಬರುವುದಿಲ್ಲ. ದಾನ, ಆಧಮನ (ಅಡವು), ವಿಕ್ರೀತಿ (ಮಾರಾಟ) ಈ ಮೂರಕ್ಕೆ ‘ಯೋಗ್ಯ’ ಎಂದು ಹೇಳಿ, ಛಂದಸ್ಸಿನ ಅನುಕೂಲಕ್ಕೆ ನಾಲ್ಕನೆಯದಕ್ಕೆ ‘ಉಚಿತ’ ಬಳಸಿದ್ದಾರೆ. ಎರಡೂ ಒಂದೇ. ಪಕ್ಕದ ಪದ ನೋಡಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಇದೇನು ದೊಡ್ಡ ವಿಷಯ ಅನ್ನಬಹುದು. ಅರ್ಥ ಕೆಟ್ಟರೆ ಹಕ್ಕಿನ ಸ್ವರೂಪವೇ ಕೆಡುತ್ತೆ. ಅದೇ ಭಾಗದಲ್ಲಿ ಮಕ್ಕಳು ಮೊಮ್ಮಕ್ಕಳಿಗೆ ‘ಭೋಗ್ಯ’ ಎಂಬ ಮಾತೂ ಇರುತ್ತದೆ. ಅದು ಅನುಭವಿಸುವ ಹಕ್ಕು. (ಬೆಂಗಳೂರಿನಲ್ಲಿ ‘ಮನೆ ಭೋಗ್ಯಕ್ಕಿದೆ’ ಅನ್ನುವಾಗಿನ ಭೋಗ್ಯ ಬೇರೆ, ಅಲ್ಲೂ ಇದೇ ಎಡವಟ್ಟು ಆಗಬಹುದು.) ಅನುಭವಿಸುವವನು ಕೈಬದಲಿಸುವ ಹಕ್ಕನ್ನೂ ಹೊಂದಿರಬೇಕೆಂದೇನಿಲ್ಲ. ದಾನ, ಅಡವು, ಮಾರಾಟ, ವಿನಿಮಯ ಎಂದು ಬಿಡಿಸಿ ಬರೆದದ್ದು ಆ ಎರಡನೆಯ ಹಕ್ಕನ್ನು ಕೊಡುವುದಕ್ಕೆ. ತೆರಿಗೆ ವಿನಾಯಿತಿಯನ್ನು ಹೇಳಲು ‘ಸರ್ವಮಾನ್ಯ’ ಎಂಬ ಬೇರೆಯೇ ಪದವಿದೆ. ಹಾಗಂತ ಇದು ಪಟದಿಂದ ಪಟಕ್ಕೆ ಹರಿದುಬರುವ ಸಿದ್ಧವಾಕ್ಯ. ಇಷ್ಟರಿಂದಲೇ ಆ ಊರಿನ ಜಮೀನು ಅದಲುಬದಲಾಯಿತು ಎನ್ನಲಾಗದು.

ಇನ್ನೊಂದು ಮಾತು. ಮಾರಾಟವನ್ನೂ ವಿನಿಮಯವನ್ನೂ ಬೇರೆಬೇರೆ ಹೇಳಿರುವುದು ಪುನರುಕ್ತಿ ಎಂದೂ ಆ ಬರಹದಲ್ಲಿದೆ. ಕನ್ನಡದ ಕಿವಿಗೆ ಹಾಗೆ ಕೇಳಿಸೀತು. ನಮ್ಮ ‘ಮಾಱು’ ಧಾತುವಿಗೆ ಬದಲಾಗು, ಬದಲಿಗೆ ಕೊಡು, ವಿಕ್ರಯಿಸು ಎಲ್ಲವೂ ಸಲ್ಲುತ್ತವೆ. ಮಾರ್ಪಾಡು, ಮಾರುತ್ತರ, ಮಾರಾಟ ಒಂದೇ ಬಳ್ಳಿಯವು. ಕಾನೂನಿನಲ್ಲಿ ಮಾತ್ರ ಎರಡೂ ಒಂದಲ್ಲ: ಮಾರಾಟಕ್ಕೆ ಹಣ, ವಿನಿಮಯಕ್ಕೆ ವಸ್ತುವಿಗೆ ವಸ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ ವಿನಿಮಯಕ್ಕೆ 118ನೇ ಕಲಮನ್ನು ಪ್ರತ್ಯೇಕವಾಗಿಯೇ ಇಟ್ಟಿದೆ.

ಅನುಮಾನವಿದ್ದವರು ಮನೆಯ ಹಳೇ ಕ್ರಯಪತ್ರ ತೆಗೆದು ನೋಡಿ. ನಮ್ಮ ಸೈಟಿನ ಪತ್ರದಲ್ಲಿ ‘ದಾನ, ಆಧಿ, ಕ್ರಯ, ವಿನಿಮಯಾದಿಗಳಿಗೆ ಯೋಗ್ಯವಾಗಿ’ ಅಂತಲೇ ಇದೆ, ಸ್ಟಾಂಪ್ ಕಾಗದದ ಮೇಲೆ. ಅದರ ನೋಂದಣಿಗೆ ನಾವು ಕಟ್ಟಿದ ಶುಲ್ಕವಂತೂ ಉಚಿತವಾಗಿರಲಿಲ್ಲ.