ಅಕ್ಕಿಕಾಳಿನ ಹೊತ್ತು, ಪಿಯಾನೊದ ಪಾಳಿ

ರಬಕವಿ ಕಡೆಯ ಓದುಗರೊಬ್ಬರು ಫೋನ್ ಮಾಡಿದ್ದರು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಮದುವೆ ಮಾತ್ರ ಊರಲ್ಲೇ. ಅವನ ಹಟ ಒಂದೇ, ಡಾಲ್ಬಿ ಬೇಡ, ಪಿಯಾನೊ ಬೇಕು. ಅದೂ ಮುಹೂರ್ತಕ್ಕೇ ಬೇಕು. ‘ಅಕ್ಕಿಕಾಳು ಬೀಳೂ ಮುಂದ ಪಿಯಾನೊದಾಗ ಏನ್ ಬಾರಿಸಿದ್ರ ಚಂದ ಆಗ್ತದ್ರಿ? ಒಂದ್ನಾಕ್ ಹೆಸರು ಹೇಳ್ರಿ ಸರ’ ಅಂದರು. ಹೆಸರು ಹೇಳುವುದು ಸಲೀಸು. ಆದರೆ ಯಾವ ವಾದ್ಯ ಯಾವ ಹೊತ್ತಿಗೆ ಅನ್ನುವುದು ಮೊದಲು ಗೊತ್ತಾಗಬೇಕು. ಆಮೇಲೆ ಹಾಡಿನ ಪಟ್ಟಿ.

ಹುಡುಗನಿಗೆ ಒಂದು ಶಾಬಾಸ್ ಹೇಳಲೇಬೇಕು. ನಮ್ಮ ಕಡೆ ಜೀವಂತ ವಾದ್ಯ ಬೇಕೆನ್ನುವ ವರ ಸಿಗುವುದೇ ಅಪರೂಪವಾಗಿದೆ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ–ಮುಧೋಳ ರಸ್ತೆಯ ಮೇಲೆ ನಿಂತು ನೋಡಿ. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನ ತಲೆಯ ಮೇಲೆ ಸ್ಪೀಕರುಗಳ ಗೋಪುರ, ಕಬ್ಬಿಗಿಂತ ಹಾಡಿನ ಭಾರವೇ ಹೆಚ್ಚು. ಬನಹಟ್ಟಿಯ ಓಣಿಗಳಲ್ಲಿ ಪವರ್‌ಲೂಮಿನ ಖಟಖಟ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲುವುದಿಲ್ಲ. ಕಾರ್ಖಾನೆಗಳ ನುರಿಸುವ ಕೆಲಸ ಮುಗಿದು ಏಪ್ರಿಲ್–ಮೇ ತಿಂಗಳಲ್ಲಿ ಮದುವೆಗಳು ಶುರುವಾಗುವ ಹೊತ್ತಿಗೆ ಕಿವಿ ಗಟ್ಟಿಯಾಗಿರುತ್ತದೆ. ಅಂಥ ಕಿವಿಗೆ ಡಾಲ್ಬಿಯೇ ಸಂಗೀತ ಅನ್ನಿಸಿದರೆ ಆಶ್ಚರ್ಯವಿಲ್ಲ. ಅದರ ನಡುವೆ ಒಬ್ಬ ಹುಡುಗ ಕೈಬೆರಳಿನಿಂದ ಹುಟ್ಟುವ ನಾದ ಬೇಕು ಅನ್ನುತ್ತಿದ್ದಾನೆ. ಅವನನ್ನು ನಿರಾಸೆ ಮಾಡಬಾರದು, ಜಾಗ ಮಾತ್ರ ಬದಲಿಸಬೇಕು.

ಈಗ ಅಕ್ಕಿಕಾಳಿನ ಕ್ಷಣವನ್ನೇ ತೆಗೆದುಕೊಳ್ಳೋಣ. ಲಗ್ನಪತ್ರಿಕೆಯಲ್ಲಿ 12 ಗಂಟೆ 35 ನಿಮಿಷ ಅಂತ ಅಚ್ಚಾಗಿರುತ್ತದೆ. ವರನ ಕಡೆಯವರು ದೇವರಿಗೆ ಹೋಗಿ ಬರುವುದು ತಡ, ಬಾಸಿಂಗ ಕಟ್ಟುವುದು ತಡ, ಸೋದರಮಾವ ಸಿಗುವುದು ಇನ್ನೂ ತಡ. ಅಂತೂ ಮಂಗಲಾಷ್ಟಕ ಶುರು. ಒಂದೊಂದು ಪದ್ಯದ ಕೊನೆಗೆ ‘ಸಾವಧಾನ’ ಅಂದಾಗ ನಾಲ್ಕು ಕಾಳು ಬೀಳುತ್ತವೆ, ಅವಸರದವರದು ಮುಂದಿನ ಸಾಲಿನವರ ಬೆನ್ನ ಮೇಲೆ. ಅಷ್ಟೂ ಹೊತ್ತು ವಾಜಂತ್ರಿಯವರು ಸುಮ್ಮನೆ ಕೂತಿರುವುದಿಲ್ಲ. ಸನಾದಿಯ ತುದಿಯ ಪೀಪಿ ಬಾಯೊಳಗೆ ನೆನೆಯುತ್ತಿರುತ್ತದೆ. ಒಣಗಿದ ಪೀಪಿ ಸ್ವರ ಕೊಡುವುದಿಲ್ಲ. ವಾದ್ಯದ ಕೊರಳಿಗೆ ದಾರದಲ್ಲಿ ಒಂದೆರಡು ಹೆಚ್ಚಿನ ಪೀಪಿ ನೇತಾಡುತ್ತಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಸನಾದಿಯವನ ಕಣ್ಣು ಅಯ್ಯನವರ ಕೈಮೇಲೆ. ಆ ಕೈ ಮೇಲೆದ್ದ ಕೂಡಲೇ ತಾರ ಷಡ್ಜ ಹಾರುತ್ತದೆ, ಸಂಬಾಳ ಗುಡುಗುತ್ತದೆ, ಕಾಳು ಸುರಿಯುತ್ತವೆ. ಅರ್ಧ ಸೆಕೆಂಡಿನ ಲೆಕ್ಕ ಅದು.

ಈ ಕೆಲಸವನ್ನು ಪೆನ್‌ಡ್ರೈವಿಗೆ ವಹಿಸಿದವರ ಪಾಡನ್ನೂ ನೋಡಿದ್ದೇನೆ. ಮೈಕ್ ಸೆಟ್ಟಿನ ಹುಡುಗ ಗುಂಡಿ ಒತ್ತಿದ. ಮೊದಲು ಬಂದದ್ದು ಮೊಬೈಲ್ ಕಂಪನಿಯ ರಿಂಗ್‌ಟೋನು, ಆಮೇಲೆ ಜಾಹೀರಾತು, ಕೊನೆಗೆ ಗಟ್ಟಿಮೇಳ. ಅಷ್ಟರಲ್ಲಿ ವಧು-ವರರು ಕೂತು ಫೋಟೊಕ್ಕೆ ನಗುತ್ತಿದ್ದರು. ರೆಕಾರ್ಡಿಗೆ ಕಣ್ಣಿಲ್ಲ. ಜೀವಂತ ವಾದ್ಯಕ್ಕೆ ಕೊಡುವ ದುಡ್ಡಿನಲ್ಲಿ ಅರ್ಧ ಆ ಕಣ್ಣಿಗೇ ಹೋಗುತ್ತದೆ ಅಂತ ತಿಳಿಯಿರಿ.

ಪಿಯಾನೊ ನುಡಿಸುವವನಿಗೂ ಕಣ್ಣಿದೆಯಲ್ಲ ಅಂತ ಹುಡುಗ ಕೇಳಬಹುದು. ಕಣ್ಣಿದೆ, ಉಸಿರಿಲ್ಲ. ಪಿಯಾನೊದ 88 ಕೀಲಿಗಳಲ್ಲಿ ಯಾವುದನ್ನು ಒತ್ತಿದರೂ ಒಳಗಿನ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಹೊಡೆದ ಮರುಕ್ಷಣದಿಂದಲೇ ಸ್ವರ ಸಣ್ಣಗಾಗುತ್ತ ಹೋಗುತ್ತದೆ. ಅದನ್ನು ಹಿಗ್ಗಿಸಲು, ಏರಿಸಲು ದಾರಿಯೇ ಇಲ್ಲ. ಮತ್ತೆ ಹೊಡೆಯಬೇಕು ಅಷ್ಟೇ. ಸನಾದಿಯವನು ಕೆನ್ನೆಯಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರೆಳೆಯುತ್ತಾನೆ, ಸ್ವರ ಕಡಿಯದೆ ನಿಲ್ಲುತ್ತದೆ. ಪಕ್ಕದವನು ಶ್ರುತಿ ಹಿಡಿದು ಕೂತಿರುತ್ತಾನೆ, ಒಂದೇ ಸ್ವರ, ಗಂಟೆಗಟ್ಟಲೆ. ಐನೂರು ಮಂದಿ ಎದ್ದು ನಿಂತು ಕಾಳು ಎಸೆಯುವ ಗದ್ದಲವನ್ನು ಹೊತ್ತು ನಡೆಯಲು ಇಂಥ ಬಿಡದ ನಾದವೇ ಬೇಕು. ಗಟ್ಟಿಮೇಳ ಇರುವುದೂ ಅದಕ್ಕೇ. ಆ ಹೊತ್ತಿನಲ್ಲಿ ಸೀನು, ಅಳು, ಅಪಶಬ್ದ ಕಿವಿಗೆ ಬೀಳಬಾರದು ಅಂತ ಹಿರಿಯರು ಮಾಡಿದ ವ್ಯವಸ್ಥೆ. ಪಿಯಾನೊದ ಸ್ವರಗಳ ನಡುವೆ ಸಂದು ಇರುತ್ತದೆ. ಸಂದಿನಲ್ಲಿ ಸೀನು ಕೇಳಿಸುತ್ತದೆ.

ಅದೂ ಅಲ್ಲದೆ ಈ ನಾಡು ಸನಾದಿಯದು. ಬೀಳಗಿಯ ಅಪ್ಪಣ್ಣನ ಹೆಸರು ಕೇಳದವರು ಯಾರು? ಬೀಳಗಿಯವರೇ ಆದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಅವನ ಮೇಲೆ ಕಾದಂಬರಿ ಬರೆದರು. ಅದು 1977ರಲ್ಲಿ ‘ಸನಾದಿ ಅಪ್ಪಣ್ಣ’ ಅಂತ ಸಿನಿಮಾ ಆಯಿತು. ವಿಜಯ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ತೆರೆಯ ಮೇಲೆ ರಾಜಕುಮಾರ್ ಸನಾದಿ ಹಿಡಿದರೆ, ಹಿಂದೆ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಕಾಶಿಯ ಉಸಿರು ಬೀಳಗಿಯ ಅಪ್ಪಣ್ಣನಿಗಾಗಿ ಹರಿಯಿತು ಅನ್ನುವುದು ಸಣ್ಣ ಸಂಗತಿಯಲ್ಲ. ಇಷ್ಟಾಗಿಯೂ ನಮ್ಮ ಮದುವೆಗಳಲ್ಲಿ ಸನಾದಿಯವರನ್ನು ಕೂಡಿಸುವುದೆಲ್ಲಿ? ಹಂದರದ ಹೊರಗೆ, ಚಪ್ಪಲಿ ರಾಶಿಯ ಪಕ್ಕ, ಒಂದು ಹರಕು ಜಮಖಾನೆಯ ಮೇಲೆ. ಭಜಂತ್ರಿ ಮನೆತನದವರು ತಲೆತಲಾಂತರದಿಂದ ಎಲ್ಲರ ಮದುವೆ ಬೆಳಗಿದ್ದಾರೆ. ಅವರ ಊಟ ಮಾತ್ರ ಕೊನೆಯ ಪಂಗ್ತಿಯಲ್ಲಿ, ಮಾದಲಿ ತೀರಿದ ಮೇಲೆ. ಇದನ್ನು ಸಂಪ್ರದಾಯ ಅಂತ ಕರೆಯುವವರ ಜೊತೆ ನನಗೆ ಮಾತಿಲ್ಲ. ವೇದಿಕೆಯ ಬಲಕ್ಕೆ, ಅಯ್ಯನವರ ಕೈ ಕಾಣುವ ಹಾಗೆ ಒಂದು ಚೌಕಿ ಹಾಕಿಸಿ. ಮುಹೂರ್ತಕ್ಕೆ ಮುಂಚೆ ಅವರಿಗೆ ಉಪ್ಪಿಟ್ಟು-ಚಹಾ ಮುಟ್ಟಿದೆಯೋ ಇಲ್ಲವೋ ಅಂತ ಮನೆಯ ಯಜಮಾನರೇ ವಿಚಾರಿಸಲಿ. ಹಸಿದ ಹೊಟ್ಟೆಯಿಂದ ತಾರ ಷಡ್ಜ ಏಳುವುದಿಲ್ಲ.

ಆರಿಸುವುದು ಹೇಗೆ? ಹೇಳಿಕೆಯ ಮೇಲೆ ಸಂಚಕಾರ ಕೊಡಬೇಡಿ. ಯಾವುದಾದರೂ ಜಾತ್ರೆಗೋ ಬೇರೆಯವರ ಲಗ್ನಕ್ಕೋ ಹೋಗಿ, ಅವರು ಸಿನಿಮಾ ಹಾಡು ನುಡಿಸದೆ ಇರುವ ಹೊತ್ತಿನಲ್ಲಿ ಕೇಳಿ. ಸಿನಿಮಾ ಹಾಡಿನಲ್ಲಿ ಹಾಡಿನ ನೆನಪೇ ಅರ್ಧ ಕೆಲಸ ಮಾಡಿಬಿಡುತ್ತದೆ, ನುಡಿಸುವವನ ಗುಟ್ಟು ತಿಳಿಯುವುದಿಲ್ಲ. ಮಧ್ಯಾಹ್ನ ಸಾರಂಗ ನುಡಿಸಿರಿ ಅಂತ ಕೇಳಿ ನೋಡಿ. ನಮ್ಮ ಕಡೆಯ ಬಹಳಷ್ಟು ಮುಹೂರ್ತಗಳು ನಡುಹಗಲಿಗೆ ಬೀಳುತ್ತವೆ, ಅದು ಸಾರಂಗದ ವೇಳೆಯೇ. ಬೃಂದಾವನಿ ಸಾರಂಗದಲ್ಲಿ ಗಾಂಧಾರ-ಧೈವತಗಳಿಲ್ಲ. ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ. ಆ ಎರಡು ನಿಷಾದಗಳ ಗಡಿ ಬೆರೆಸದೆ ನುಡಿಸುವವನು ಸಿಕ್ಕರೆ ಬೇರೆ ಪರೀಕ್ಷೆ ಬೇಡ. ಬೆಳಗಿನ ಅರಿಷಿಣ, ಸುರಗಿಗೆ ಬಿಲಾವಲ್ ಹಿತ. ಗೋಧೂಳಿ ಮುಹೂರ್ತವಿದ್ದರೆ ಪೂರಿಯಾ ಧನಾಶ್ರೀ, ದೀಪ ಹಚ್ಚಿದ ಮೇಲೆ ಯಮನ್. ಹೆಣ್ಣು ಒಪ್ಪಿಸುವಾಗ ಭೈರವಿ. ಅದಕ್ಕೆ ಯಾರೂ ಹೇಳಬೇಕಾಗಿಲ್ಲ, ಸನಾದಿಯವನ ಬೆರಳೇ ಅಲ್ಲಿಗೆ ಹೋಗುತ್ತದೆ. ಅತ್ತೆ-ಮಾವಂದಿರ ಕಣ್ಣೂ ಹನಿಯುವುದು ಆಗಲೇ.

ಮೆರವಣಿಗೆಗೆ ಕರಡಿ ಮಜಲು ಸಿಕ್ಕರೆ ಬಿಡಬೇಡಿ. ಕರಡಿ, ತಾಳ, ಸನಾದಿ ಕೂಡಿದ ಆ ಮೇಳಕ್ಕೆ ಮೈಕಿನ ಹಂಗಿಲ್ಲ. ಬ್ರಾಸ್ ಬ್ಯಾಂಡಿನವರ ಬಗ್ಗೆ ಇನ್ನೊಂದು ವಾರ ಬರೆಯುವೆ, ಅದು ದೊಡ್ಡ ಕಥೆ.

ಮೈಕಿನ ಮಾತೂ ಹೇಳಿಬಿಡುತ್ತೇನೆ. ತಗಡಿನ ಚಾವಣಿಯ ಮಂಗಲ ಕಾರ್ಯಾಲಯದಲ್ಲಿ ಸನಾದಿಗೆ ಮೈಕು ಬೇಡವೇ ಬೇಡ. ಬಯಲಿನ ಹಂದರವಾದರೆ ಒಂದು ಸಾಕು, ಅದೂ ವಾದ್ಯದ ಬಾಯಿಂದ ಮೂರು ಅಡಿ ದೂರ. ಮೈಕ್ ಸೆಟ್ಟಿನವರು ತಾವಾಗಿ ಹಾಕುವ ಎಕೋ ತೆಗೆಸಿ. ಎಕೋದಲ್ಲಿ ಸಾರಂಗದ ಎರಡು ನಿಷಾದಗಳೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಇನ್ನು ಪಿಯಾನೊ. ನಿಜವಾದ ಪಿಯಾನೊ ತರಿಸುವ ಆಸೆ ಬಿಡಿ. ಇನ್ನೂರು ಕಿಲೊ ದಾಟುವ ಪೆಟ್ಟಿಗೆ, ಇನ್ನೂರಕ್ಕೂ ಹೆಚ್ಚು ತಂತಿ. ಟೆಂಪೊದಲ್ಲಿ ಕುಲುಕಿ, ಮೇ ತಿಂಗಳ ಬಿಸಿಲಲ್ಲಿ ಇಳಿಸಿದರೆ ಮತ್ತೆ ಶ್ರುತಿ ಮಾಡದೆ ನುಡಿಯುವುದಿಲ್ಲ. ಕೀಬೋರ್ಡೇ ಗತಿ. ಬಾಡಿಗೆಗೆ ತರುವಾಗ 88 ಕೀಲಿಯ, ಒತ್ತಿದರೆ ಭಾರ ತಾಗುವ ಡಿಜಿಟಲ್ ಪಿಯಾನೊ ಕೇಳಿ. ಆರ್ಕೆಸ್ಟ್ರಾದವರ 61 ಕೀಲಿಯ ಹಗುರ ಪೆಟ್ಟಿಗೆಯಲ್ಲಿ ಬೆರಳಿನ ಒತ್ತು ಅಷ್ಟಾಗಿ ತಿಳಿಯುವುದಿಲ್ಲ, ಎಲ್ಲ ಸ್ವರವೂ ಒಂದೇ ದನಿಯಲ್ಲಿ ಕೂಗುತ್ತವೆ.

ಅದರ ಜಾಗ ಆಯೇರಿಯ ಹೊತ್ತು. ವಧು-ವರರು ಕುರ್ಚಿಯಲ್ಲಿ ಕೂತಿದ್ದಾರೆ, ಆಯೇರಿ ಮಾಡುವವರ ಪಾಳಿ ಹಂದರದ ಬಾಗಿಲು ದಾಟಿದೆ, ಬೀಗರು ಬೀಗರ ಜೊತೆ ಮಾತಿಗಿಳಿದಿದ್ದಾರೆ. ಮುಹೂರ್ತದಲ್ಲಿ ಕೊರತೆಯಾಗಿದ್ದ ಆ ಸಂದುಗಳೇ ಇಲ್ಲಿ ಗುಣವಾಗುತ್ತವೆ. ಹುಟ್ಟಿ ಕರಗುವ ಸ್ವರಗಳ ನಡುವೆ ಮಾತು ಸಲೀಸಾಗಿ ಹೋಗಿಬರುತ್ತದೆ. ಎರಡು ತಾಸು ಸನಾದಿಯ ಎದುರು ಕೂತು ‘ಹೊಲಕ್ಕ ನೀರ ಬಂತೇನ್ರಿ’ ಅಂತ ಕೇಳಲು ಸಾಧ್ಯವೇ?

ಏನು ನುಡಿಸಬೇಕು ಅನ್ನುವುದಕ್ಕೆ ನನ್ನ ಒಂದೇ ಸೂತ್ರ: ನೆಟ್ಟಗೆ ನಿಲ್ಲುವ ಸ್ವರಗಳ ಹಾಡು. ಪಿಯಾನೊದ ಸ್ವರಕ್ಕೆ ಜಾರಲು ಬರುವುದಿಲ್ಲ, ಅದರ ಗಾಂಧಾರವೂ ನಮ್ಮ ತಂಬೂರಿಯ ಗಾಂಧಾರಕ್ಕಿಂತ ಕೂದಲೆಳೆ ಮೇಲೆ. ದರಬಾರಿಯ ತೂಗುವ ಗಾಂಧಾರ, ಭೈರವದ ಅಲುಗುವ ರಿಷಭ ಅದಕ್ಕೆ ಒಗ್ಗುವುದಿಲ್ಲ. ಕೀಬೋರ್ಡಿನ ಎಡಬದಿಯ ಚಕ್ರ ತಿರುಗಿಸಿ ಮೀಂಡ್ ಎಳೆಯುವ ಹುಡುಗರಿದ್ದಾರೆ, ದಯವಿಟ್ಟು ತಡೆಯಿರಿ. ದುರ್ಗಾ, ಹಂಸಧ್ವನಿ, ಪಹಾಡಿ ಚೆನ್ನಾಗಿ ಕೂಡುತ್ತವೆ. ರಾಜನ್–ನಾಗೇಂದ್ರ, ವಿಜಯಭಾಸ್ಕರ್ ಅವರ ಹಳೆಯ ಹಾಡುಗಳು, ಮೈಸೂರು ಅನಂತಸ್ವಾಮಿಯವರ ಭಾವಗೀತೆಗಳು ಕೀಲಿಯ ಮೇಲೆ ಸೊಗಸು. ಪಟ್ಟಿ ಕೊಡುವ ಮುಂಚೆ ಸಾಹಿತ್ಯವನ್ನೊಮ್ಮೆ ಓದಿ. ರಾಗ ಇಂಪಾಗಿದೆ ಅಂತ ವಿರಹದ ಹಾಡು ನುಡಿಸಿದರೆ ಮುಂದಿನ ಸಾಲಿನ ಅಜ್ಜಿಗೆ ಪದ ಬಾಯಿಪಾಠ ಇರುತ್ತದೆ.

ಈ ತಪ್ಪು ಸೀಮೆಯಾಚೆಯೂ ಇದೆ. ವಧು ಬರುವಾಗ ಇಂಗ್ಲಿಷ್ ಸಿನಿಮಾದಲ್ಲಿ ಕೇಳುವ ರಾಗ ವ್ಯಾಗ್ನರನ 1850ರ ‘ಲೋಹೆಂಗ್ರಿನ್’ ಸಂಗೀತ ನಾಟಕದ್ದು. ಆ ನಾಟಕದಲ್ಲಿ ಈ ಹಾಡು ಮುಗಿದ ರಾತ್ರಿಯೇ ಮದುವೆ ಮುರಿಯುತ್ತದೆ. ಇನ್ನೊಂದು, ಮೆಂಡೆಲ್ಸನ್ 1842ರಲ್ಲಿ ಶೇಕ್ಸ್‌ಪಿಯರನ ನಾಟಕಕ್ಕೆ ಕೂಡಿಸಿದ್ದು. ವಿಕ್ಟೋರಿಯಾ ರಾಣಿಯ ಮಗಳ ಮದುವೆಯಲ್ಲಿ 1858ರಲ್ಲಿ ನುಡಿಸಿದ ಮೇಲೆ ಮನೆಮಾತಾಯಿತು. ಅದು ದಂಪತಿ ಹೊರಗೆ ಹೋಗುವಾಗಿನ ರಾಗ. ನಮ್ಮ ಹುಡುಗರು ಒಳಗೆ ಬರುವಾಗ ನುಡಿಸುತ್ತಾರೆ. ಹುಡುಗ ಕೇಳಿದರೆ ಮೆಂಡೆಲ್ಸನ್‌ಗೆ ನನ್ನ ಒಪ್ಪಿಗೆಯಿದೆ. ಊಟಕ್ಕೆ ಏಳುವಾಗ ನುಡಿಸಲಿ.

ಕೀಲಿವಾದ್ಯ ಪರದೇಶದ್ದು, ನಮ್ಮದಲ್ಲ ಅಂತ ಮೂಗು ಮುರಿಯುವ ಹಿರಿಯರಿಗೆ ಒಂದು ಮಾತು. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದವರು. ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಹಾಡಿದವರು. ಬಾಲಗಂಧರ್ವರ ರಂಗದ ಮುಂದೆ ಇದ್ದದ್ದು ಕಾಲಿನಿಂದ ತುಳಿಯುವ ಆರ್ಗನ್, ಸಾರಂಗಿಯ ಪಕ್ಕದಲ್ಲೇ. ನಮ್ಮ ಕಂಪನಿ ನಾಟಕಗಳ ಲೆಗ್ ಹಾರ್ಮೋನಿಯಂ ಕೇಳಿ ಬೆಳೆದವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಅಷ್ಟೇಕೆ, ಗವಾಯಿಗಳು ತಮ್ಮ ಶ್ರುತಿ ಹೇಳುವುದೇ ‘ಕರಿ ಒಂದು’, ‘ಬಿಳಿ ಎರಡು’ ಅಂತ. ಆ ಕರಿ-ಬಿಳಿ ಬಂದದ್ದು ಕೀಲಿಗಳಿಂದಲೇ.

ಆ ಲೆಕ್ಕ ಇಲ್ಲಿ ಉಪಯೋಗಕ್ಕೂ ಬರುತ್ತದೆ. ಸನಾದಿ ಮತ್ತು ಪಿಯಾನೊ ಒಂದರ ಹಿಂದೊಂದು ಬರುವುದಾದರೆ ಶ್ರುತಿ ಒಂದೇ ಇರಲಿ, ಇಲ್ಲದಿದ್ದರೆ ಕಿವಿಗೆ ಮೆಟ್ಟಿಲು ತಪ್ಪಿದಂತಾಗುತ್ತದೆ. ಸನಾದಿಯ ಕಟ್ಟಿಗೆಯನ್ನು ಉದ್ದ-ಗಿಡ್ಡ ಮಾಡಲಾಗದು. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಗುಂಡಿ ಇದೆ, ಬಗ್ಗಬೇಕಾದವನು ಅವನೇ. ಅರಿಷಿಣದ ಸಂಜೆ ಇಬ್ಬರನ್ನೂ ಒಂದು ತಾಸು ಕೂಡಿಸಿ, ಚಹಾ ಕೊಟ್ಟು ನೀವು ಎದ್ದುಬನ್ನಿ. ಸಂಚಕಾರವನ್ನು ಇಬ್ಬರಿಗೂ ಒಂದೇ ದಿನ ಕೊಡಿ. ಪಟ್ಟಣದಿಂದ ಬರುವ ಕೀಬೋರ್ಡಿನವನಿಗೆ ಹದಿನೈದು ಸಾವಿರ, ಊರ ಸನಾದಿ ಮೇಳದ ನಾಲ್ವರಿಗೂ ಸೇರಿ ಐದು ಸಾವಿರ ಅಂತ ಲೆಕ್ಕ ಹಾಕಿದ್ದರೆ, ರಬಕವಿಯ ಯಜಮಾನರೇ, ಆ ಚೀಟಿ ಹರಿದು ಹೊಸದು ಬರೆಯಿರಿ.