ಕನ್ನಡಕ ಕೇಳಿದವನಿಗೆ ಚಂದ್ರ

ಜಾಂ ದೊಮಿನಿಕ್ ಬೋಬಿಯ ಪುಸ್ತಕದ ಮಾತು ಬಂದಾಗಲೆಲ್ಲ ನಾವು ಮೊದಲು ಹೇಳುವುದು ಅವನ ಎಡಗಣ್ಣಿನ ರೆಪ್ಪೆಯ ಕತೆಯನ್ನು. ಫ್ರಾನ್ಸಿನ ‘ಎಲ್’ ಪತ್ರಿಕೆಯ ಸಂಪಾದಕನಾಗಿದ್ದ ಈತನಿಗೆ 1995ರ ಡಿಸೆಂಬರಿನಲ್ಲಿ ಪಾರ್ಶ್ವವಾಯು ಬಡಿಯಿತು. ಬುದ್ಧಿ, ನೆನಪು ಎಲ್ಲವೂ ಸರಿಯಿದ್ದವು. ಮಾತು ಹೋಯಿತು, ಮೈ ಅಲುಗದಾಯಿತು. ರೆಪ್ಪೆ ಮಿಟುಕಿಸಿಯೇ ಇಡೀ ಪುಸ್ತಕ ಬರೆಸಿದ. 1997ರ ಮಾರ್ಚಿನಲ್ಲಿ ಅದು ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ.

‘ದ ಡೈವಿಂಗ್ ಬೆಲ್ ಅಂಡ್ ದ ಬಟರ್‌ಫ್ಲೈ’ ಎಂದು ಇಂಗ್ಲಿಷಿಗೆ ಬಂದ ಈ ಕೃತಿಯನ್ನು ಛಲದ ಸಾಧನೆಯೆಂದು ಹೊಗಳಿ ಮುಗಿಸಿಬಿಡುವುದು ಸುಲಭ. ಅಷ್ಟೇ ಆದರೆ ಪುಸ್ತಕವನ್ನು ತೆರೆಯುವ ಅಗತ್ಯವೂ ಇಲ್ಲ. ನಾನು ಇದನ್ನು ಕೇಳುವವರ ಬಗ್ಗೆ ಬರೆದ ಪುಸ್ತಕವೆಂದು ಓದುತ್ತೇನೆ.

ಬೋಬಿಯ ಸಂವಹನ ಸಾಧನ ತೀರಾ ಸರಳ. ಫ್ರೆಂಚ್ ಅಕ್ಷರಗಳನ್ನು ಬಳಕೆಯ ಪ್ರಮಾಣಕ್ಕೆ ತಕ್ಕಂತೆ ಜೋಡಿಸಿದ್ದರು: ಇ, ಎಸ್, ಎ ಮೊದಲು, ಡಬ್ಲ್ಯು ಕೊನೆಗೆ. ಎದುರಿಗಿದ್ದವರು ಒಂದೊಂದಾಗಿ ಓದುತ್ತಾ ಹೋಗಬೇಕು. ಬೇಕಾದ ಅಕ್ಷರ ಬಂದಾಗ ಅವನು ಕಣ್ಣು ಮಿಟುಕಿಸುತ್ತಾನೆ. ಹಾಗಾಗಿ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಎಲ್ಲವೂ ಓದುವವರ ಮೇಲೆ ನಿಂತಿದೆ. ಕೆಲವರು ಪದ ಮುಗಿಯುವ ಮೊದಲೇ ಊಹಿಸಿಬಿಡುತ್ತಾರೆ. ಕೆಲವರು ಪದ ಸ್ಪಷ್ಟವಾಗಿದ್ದರೂ ಕೊನೆಯ ಅಕ್ಷರದವರೆಗೆ ಕಾಯುತ್ತಾರೆ. ಒಮ್ಮೆ ಅವನು ‘ಲ್ಯುನೆತ್’, ಅಂದರೆ ಕನ್ನಡಕ ಕೇಳಲು ಹೊರಟರೆ, ಕೇಳುಗರು ‘ಲ್ಯುನ್’ಗೇ ನಿಲ್ಲಿಸಿ ಚಂದ್ರನನ್ನು ತೆಗೆದುಕೊಂಡು ಏನು ಮಾಡುತ್ತೀ ಎಂದರು. ಬೋಬಿ ಅದರಲ್ಲಿ ಕಾವ್ಯ ಕಂಡ. ಆದರೆ ಅವನಿಗೆ ಬೇಕಾಗಿದ್ದದ್ದು ಕನ್ನಡಕ.

ಕನ್ನಡದಲ್ಲಾದರೂ ಪಾಡು ಬೇರೆಯಲ್ಲ. ‘ಕನ್ನಡಕ’ ಕೇಳುವವರನ್ನು ‘ಕನ್ನಡ’ಕ್ಕೇ ನಿಲ್ಲಿಸಿಬಿಡಬಹುದು! ನಮ್ಮ ಲಿಪಿಯಲ್ಲಿ ಅಕ್ಷರವೊಂದೇ ಸಾಲದು. ಕಾಗುಣಿತ, ಒತ್ತುಗಳನ್ನೂ ಆರಿಸಬೇಕು. ಜೊತೆಗೆ, ನಮ್ಮ ಕ್ರಿಯಾಪದದ ಜೀವ ಅದರ ಬಾಲದಲ್ಲಿದೆ. ‘ಬರು’ ಎನ್ನುವಷ್ಟರಲ್ಲಿ ‘ಬರುತ್ತಾರಂತೆ’ ಎಂದು ಯಾರಾದರೂ ಮುಗಿಸಿದರೆ, ‘ಬರುವುದಿಲ್ಲ’ ಎನ್ನಲು ಹೊರಟವರ ನಿರಾಕರಣೆಯೇ ಅಳಿಸಿಹೋಗುತ್ತದೆ. ಅವಸರದ ಸಹಾಯ ಇಲ್ಲಿ ಬರೀ ತಪ್ಪಲ್ಲ, ಬಾಯಿ ಮುಚ್ಚಿಸಿದಂತೆ.

ಈ ಊಹೆಯ ಕೆಲಸವನ್ನು ಇಂದು ಯಂತ್ರಕ್ಕೆ ಒಪ್ಪಿಸಿದ್ದೇವೆ. ಸ್ಟೀಫನ್ ಹಾಕಿಂಗ್ ಕೆನ್ನೆಯ ಸ್ನಾಯುವಿನಿಂದ ನಡೆಸುತ್ತಿದ್ದ ವ್ಯವಸ್ಥೆಯನ್ನು ಇಂಟೆಲ್ ಸಂಸ್ಥೆ ಹೊಸದಾಗಿ ರೂಪಿಸಿದಾಗ, ಮುಂದಿನ ಪದವನ್ನು ಸೂಚಿಸುವ ತಂತ್ರಾಂಶವನ್ನು ಅವರದೇ ಬರಹಗಳಿಂದ ಕಲಿಸಲಾಯಿತು. ಅದು ಒಳ್ಳೆಯ ನಡೆ, ಏಕೆಂದರೆ ಊರಿನವರೆಲ್ಲ ಆಡುವ ಮಾತಿಗಿಂತ ಅವರ ಮಾತೇ ಅವರಿಗೆ ಹತ್ತಿರ. ಧ್ವನಿಯ ವಿಷಯದಲ್ಲಿ ಮಾತ್ರ ಹಾಕಿಂಗ್ ಹಟ ಹಿಡಿದರು. ಇನ್ನೂ ಸಹಜವಾದ ಧ್ವನಿಗಳು ಬಂದಿದ್ದರೂ ಹಳೆಯ ಯಾಂತ್ರಿಕ ಧ್ವನಿಯನ್ನು ಬಿಡಲಿಲ್ಲ. ಅದೇ ತಮ್ಮ ಧ್ವನಿ ಎಂದುಕೊಂಡಿದ್ದರು. ಸಂಶೋಧಕರು ವೇಗವನ್ನು ಅಳೆಯುತ್ತಾರೆ, ಅಳೆಯಲೇಬೇಕು. ನಿಮಿಷಕ್ಕೆ ಒಂದೆರಡು ಪದ ಎನ್ನುವುದು ದೊಡ್ಡ ಹಿಂಸೆ. ಹೇಳಲು ನಿಮಿಷಗಟ್ಟಲೆ ಹಿಡಿದರೆ ಹಾಸ್ಯ ಸತ್ತುಹೋಗುತ್ತದೆಂದು ಬೋಬಿಯೂ ಕೊರಗುತ್ತಾನೆ. ಆದರೂ ಸೂಚಿಸಿದ ಪದವನ್ನು ತಳ್ಳಿಹಾಕುವುದು ಒಪ್ಪಿಕೊಳ್ಳುವಷ್ಟೇ ಸುಲಭವಾಗಿದೆಯೇ ಎಂಬ ಪ್ರಶ್ನೆಯನ್ನು ವೇಗದ ಲೆಕ್ಕ ಕೇಳುವುದಿಲ್ಲ. ದಣಿದವರು ‘ಸಾಕು, ಇದೇ ಇರಲಿ’ ಎಂದು ಯಂತ್ರದ ಪದಕ್ಕೆ ಒಪ್ಪಿದರೆ, ಆ ವಾಕ್ಯ ಯಾರದು?

ಬೋಬಿಯ ಕೊನೆಯ ಅಧ್ಯಾಯದಲ್ಲಿ ಇದಕ್ಕೊಂದು ಉತ್ತರವಿದೆ. ಬರೆದುಕೊಂಡ ಕ್ಲೋದ್ ಮಾಂಡಿಬಿಲ್ ಪುಟಗಳನ್ನು ಅವನಿಗೆ ಮತ್ತೆ ಓದಿ ಹೇಳುತ್ತಾಳೆ. ಕೆಲವು ಪುಟ ಅವನಿಗೆ ಹಿಡಿಸುತ್ತವೆ, ಕೆಲವು ನಿರಾಸೆ ತರುತ್ತವೆ. ಮಿಟುಕಿ ಮಿಟುಕಿ ಬರೆಸಿದ ಪುಟವನ್ನೂ ಚೆನ್ನಾಗಿಲ್ಲ ಎನ್ನಬಲ್ಲ ಈ ಬೋಬಿ ನನಗೆ ಛಲವಂತ ರೋಗಿಯಾಗಿ ಅಲ್ಲ, ಲೇಖಕನಾಗಿ ಕಾಣುತ್ತಾನೆ. ಮಾತು ಬಾರದವರಿಗೆ ಸಾಧನ ಕಟ್ಟುವವರು ಮಾತಿನ ಜೊತೆಗೆ ಈ ಅತೃಪ್ತಿಯ ಹಕ್ಕನ್ನೂ ಉಳಿಸಿಕೊಡಬೇಕು.